ಪೊಟ್ಟಣದ ಹಣೆಬರಹ

ಹಣೆಯಲ್ಲಿ ಬರೆದುದನ್ನು ಓದಬಲ್ಲವರು ಯಾರೂ ಇಲ್ಲವೆಂಬುದು ನಮ್ಮ ಜನರ ಹಳೆಯ ನಂಬಿಕೆ. ಬ್ರಹ್ಮಲಿಪಿ ನಮಗೆ ತಿಳಿಯದು. ತಿಳಿದರೂ ಅದನ್ನು ತಿದ್ದುವ ಅಧಿಕಾರ ನಮಗಿಲ್ಲ. ಆದರೆ ದಿನಸಿ ಅಂಗಡಿಯಿಂದ ನಾವು ಮನೆಗೆ ತರುವ ಪೊಟ್ಟಣಕ್ಕೂ ಒಂದು ಹಣೆಬರಹ ಉಂಟು. ಅದನ್ನು ಬರೆದವನು ಅದರ ತಯಾರಕ. ಬರೆಯಿಸಿದುದು ದೇಶದ ಕಾನೂನು. ಓದಬಲ್ಲವರಿಗೆ ಅದು ತೆರೆದ ಪುಸ್ತಕ. ಓದಿದ ಮೇಲೆ ಕೊಳ್ಳುವುದು, ಬಿಡುವುದು ನಮ್ಮ ಕೈಯಲ್ಲೇ ಇದೆ. ಇಷ್ಟು ಅನುಕೂಲವಾದ ಹಣೆಬರಹವನ್ನು ನಾವು ಓದುವ ಗೋಜಿಗೇ ಹೋಗುವುದಿಲ್ಲವೆಂಬುದು ಸೋಜಿಗದ ಸಂಗತಿ. ಈ ಬರಹವನ್ನು ಓದುವ ಬಗೆ ಹೇಗೆಂಬುದನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಭಾಷಣದ ಉದ್ದೇಶ.

ನಮ್ಮ ತಲೆಮಾರಿನವರಿಗೆ ಪೊಟ್ಟಣ ಓದುವ ಅಭ್ಯಾಸ ಹೊಸದೇನೂ ಅಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಪೇಟೆ ಬೀದಿಗಳಲ್ಲಿ ದಿನಸಿ ಅಂಗಡಿಯೆಂದರೆ ಬಾಯಿ ತೆರೆದ ಗೋಣಿಚೀಲಗಳ ಸಾಲು, ಒಂದು ತಕ್ಕಡಿ, ಮೇಲಿನಿಂದ ಇಳಿಬಿದ್ದ ದಾರದ ಉಂಡೆ. ಕಡಲೆಬೇಳೆಯಾಗಲಿ ಹುರಿಗಡಲೆಯಾಗಲಿ ಹಳೆಯ ಪತ್ರಿಕೆಯ ಹಾಳೆಯಲ್ಲಿ ಕಟ್ಟಿಸಿಕೊಂಡು ಮನೆಗೆ ಬರುತ್ತಿತ್ತು. ಬೇಳೆ ಡಬ್ಬಿಗೆ ಸೇರಿದ ಮೇಲೆ ಹಾಳೆ ಹುಡುಗರ ಕೈಗೆ. ತಲೆಯಿಲ್ಲದ ಕಥೆ, ಬಾಲವಿಲ್ಲದ ಧಾರಾವಾಹಿ, ಯಾವುದೋ ಊರಿನ ಸಾಹಿತ್ಯ ಸಮಾರಂಭದ ಅರ್ಧ ವರದಿ, ಹೀಗೆ ಸಿಕ್ಕಿದ್ದನ್ನೆಲ್ಲ ಓದಿ ಅಕ್ಷರದ ರುಚಿ ಹತ್ತಿಸಿಕೊಂಡವರು ಎಷ್ಟೋ ಮಂದಿ. ಆಗ ಬೇಳೆಯ ವಿಚಾರವಾಗಿ ಓದಬೇಕಾದುದು ಏನೂ ಇರಲಿಲ್ಲ. ಅದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಕೆದಕಿ, ಮೂಸಿ, ಬೇಕಾದರೆ ಎರಡು ಕಾಳು ಬಾಯಿಗೆ ಹಾಕಿಕೊಂಡು ಪರೀಕ್ಷಿಸಬಹುದಾಗಿತ್ತು. ಇಂದು ಪದಾರ್ಥ ಮುಚ್ಚಿದ ಪೊಟ್ಟಣದೊಳಗೆ ಕುಳಿತಿದೆ. ಅದನ್ನು ಮುಟ್ಟುವಂತಿಲ್ಲ, ಮೂಸುವಂತಿಲ್ಲ. ಅನೇಕ ವೇಳೆ ನೋಡುವಂತೆಯೂ ಇಲ್ಲ. ಪಂಚೇಂದ್ರಿಯಗಳು ಮಾಡುತ್ತಿದ್ದ ಕೆಲಸವನ್ನು ಈಗ ಓದು ಒಂದೇ ಮಾಡಬೇಕಾಗಿದೆ.

ಈ ಓದು ಬರಿಯ ಕುತೂಹಲದ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿದೆ. ಅದೇ ಮಂಡಳಿಗೆ ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರ ಆಹಾರಕ್ಕೆ 17 ಮಾರ್ಗಸೂತ್ರಗಳನ್ನು ಹೊರಡಿಸಿತು. ದೇಶದ ಒಟ್ಟು ರೋಗಭಾರದಲ್ಲಿ ಅರ್ಧಕ್ಕಿಂತ ಹೆಚ್ಚಿನದಕ್ಕೆ ಅಹಿತವಾದ ಆಹಾರವೇ ಕಾರಣವೆಂದು ಅದು ಹೇಳಿತು. ಆ ಸೂತ್ರಗಳಲ್ಲಿ ಕೊನೆಯದು, ಪೊಟ್ಟಣದ ಮೇಲಿನ ವಿವರವನ್ನು ಓದಿ ಆಹಾರವನ್ನು ಆರಿಸಿಕೊಳ್ಳಿ ಎಂಬುದು. ಸೊಪ್ಪು ತಿನ್ನಿ, ಉಪ್ಪು ಕಡಿಮೆ ಮಾಡಿ ಎಂಬ ಹಿತವಚನಗಳ ಸಾಲಿನಲ್ಲಿ 'ಓದಿ' ಎಂಬ ಮಾತಿಗೂ ಸ್ಥಾನ ದೊರೆತಿರುವುದು ಸಾಹಿತ್ಯದ ಮೇಷ್ಟರುಗಳಿಗೆ ಸಂತೋಷ ಕೊಡುವ ವಿಷಯವೇ ಸರಿ.

ಪೊಟ್ಟಣದ ಮೇಲೆ ಬರೆಯಬೇಕೆಂಬ ಕಟ್ಟಳೆ ನಮ್ಮಲ್ಲಿ ಹಳೆಯದು. ಆಹಾರ ಕಲಬೆರಕೆ ತಡೆ ಕಾಯಿದೆ 1954ರಲ್ಲಿ ಬಂದಿತು. ಅದರ ಸ್ಥಾನದಲ್ಲಿ ಈಗ ಇರುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ. ಅದರ ಅಡಿಯಲ್ಲಿ ರಚಿತವಾದ ಪ್ರಾಧಿಕಾರ 2020ರಲ್ಲಿ ಹಣೆಪಟ್ಟಿಗೆಂದೇ ಪ್ರತ್ಯೇಕ ನಿಯಮಾವಳಿಯನ್ನು ಪ್ರಕಟಿಸಿತು. ಆಹಾರದ ಹೆಸರು, ಅದರಲ್ಲಿ ಸೇರಿದ ವಸ್ತುಗಳ ಪಟ್ಟಿ, ಪೋಷಕಾಂಶಗಳ ಲೆಕ್ಕ, ಸಸ್ಯಾಹಾರವೋ ಮಾಂಸಾಹಾರವೋ ಎಂಬ ಗುರುತು, ತಯಾರಕನ ಹೆಸರು ಮತ್ತು ವಿಳಾಸ, 14 ಅಂಕಿಗಳ ಪರವಾನಗಿ ಸಂಖ್ಯೆ, ತೂಕ, ತಂಡದ ಸಂಖ್ಯೆ, ತಯಾರಾದ ದಿನ ಮತ್ತು ಬಳಕೆಯ ಕೊನೆಯ ದಿನ, ಇವೆಲ್ಲ ಇರಲೇಬೇಕು. ಇವುಗಳಲ್ಲಿ ಹೆಚ್ಚಿನವು ಪೊಟ್ಟಣದ ಬೆನ್ನಿನ ಮೇಲಿರುತ್ತವೆ. ಮುಂಭಾಗದಲ್ಲಿರುವುದು ಚಿತ್ರ, ಬಣ್ಣ, ಬಿರುದು. ಮುಂಭಾಗ ತಯಾರಕನ ಕಾವ್ಯ. ಹಿಂಭಾಗ ಅವನ ಪ್ರಮಾಣವಚನ. ಕಾವ್ಯದಲ್ಲಿ ಉತ್ಪ್ರೇಕ್ಷೆ ಅಲಂಕಾರವೆನಿಸೀತು. ಪ್ರಮಾಣವಚನದಲ್ಲಿ ಅದು ಅಪರಾಧ. ಆದುದರಿಂದ ಪೊಟ್ಟಣವನ್ನು ಕೈಗೆತ್ತಿಕೊಂಡ ಕೂಡಲೇ ಅದನ್ನು ತಿರುಗಿಸಬೇಕು. ಇದು ಮೊದಲನೆಯ ಪಾಠ.

ಎರಡನೆಯ ಪಾಠ ವ್ಯಾಕರಣದ್ದು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕೊನೆಯವರೆಗೂ ಕಾಯದಿದ್ದರೆ ಹೇಳುವವನ ಅಭಿಪ್ರಾಯ ತಿಳಿಯುವುದಿಲ್ಲ. ಒಳಸೇರಿದ ವಸ್ತುಗಳ ಪಟ್ಟಿಯ ವ್ಯಾಕರಣ ಇದಕ್ಕೆ ತಿರುಗುಮುರುಗು. ಅಲ್ಲಿ ಮುಖ್ಯವಾದುದು ಮೊದಲೇ ಬರುತ್ತದೆ. ತಯಾರಿಸುವಾಗ ಯಾವ ವಸ್ತುವಿನ ತೂಕ ಎಲ್ಲಕ್ಕಿಂತ ಹೆಚ್ಚಾಗಿತ್ತೋ ಅದು ಮೊದಲು. ಅದಕ್ಕಿಂತ ಕಡಿಮೆಯದು ಎರಡನೆಯದು. ಹೀಗೆ ಇಳಿಯುವ ಕ್ರಮದಲ್ಲಿ ಬರೆಯಬೇಕೆಂದು ನಿಯಮ. ಆದುದರಿಂದ ಮೊದಲ ಮೂರು ಹೆಸರುಗಳನ್ನು ಓದಿದರೆ ಆ ತಿನಿಸಿನ ಕುಲಗೋತ್ರ ಬಹುಮಟ್ಟಿಗೆ ತಿಳಿದಂತೆಯೇ. ಆ ಮೂರು ಹೆಸರುಗಳು ಮೈದಾ, ಸಕ್ಕರೆ, ಪಾಮೋಲಿನ್ ಎಣ್ಣೆ ಎಂದಿದ್ದರೆ, ಮುಂಭಾಗದ ಚಿತ್ರದಲ್ಲಿ ಬಾದಾಮಿಯೇ ಇರಲಿ, ಜೇನೇ ಇರಲಿ, ನಾವು ತಿನ್ನುವುದು ಮುಖ್ಯವಾಗಿ ಮೈದಾ, ಸಕ್ಕರೆ ಮತ್ತು ಎಣ್ಣೆಯನ್ನು.

ಇದಕ್ಕೆ ನಮ್ಮ ಸೀಮೆಯದೇ ಒಂದು ನಿದರ್ಶನ ಕೊಡಬಹುದು. ಕೋಲಾರದ ಕಡೆಯವರಿಗೆ ರಾಗಿಯ ಹಿರಿಮೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬಸ್ಸಾರು, ಮಸ್ಸೊಪ್ಪುಗಳ ಜೊತೆಗೆ ಮುದ್ದೆಯುಂಡು ಬೆಳೆದ ನಾಡಿದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಉಂಟು. ಅಕ್ಕಿ, ಗೋಧಿಗಳು ಇದರ ಹತ್ತಿರಕ್ಕೂ ಬರಲಾರವು. ನಗರದವರು ಈಗ ರಾಗಿಯ ಗುಣವನ್ನು ಕಂಡುಕೊಂಡಿದ್ದಾರೆ. ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ಶಾವಿಗೆ, ರಾಗಿ ಚಿಪ್ಸುಗಳು ಬಂದು ಕುಳಿತಿವೆ. ಒಳ್ಳೆಯದೇ. ಆದರೆ ಯಾವ ವಸ್ತುವಿನ ಹೆಸರನ್ನೋ ಚಿತ್ರವನ್ನೋ ಮುಂದುಮಾಡಿ ಸರಕನ್ನು ಮಾರುತ್ತಾರೋ ಆ ವಸ್ತು ಶೇಕಡ ಎಷ್ಟಿದೆಯೆಂಬುದನ್ನು ಪಟ್ಟಿಯಲ್ಲಿ ನಮೂದಿಸಬೇಕೆಂದು ಕಾನೂನು ಹೇಳುತ್ತದೆ. ರಾಗಿ ಎಂಬ ಮಾತಿನ ಪಕ್ಕದಲ್ಲಿರುವ ಆ ಅಂಕಿಯನ್ನು ನೋಡಬೇಕು. ಅದು 70 ಆಗಿದ್ದರೆ ರಾಗಿಯ ಬಿಸ್ಕತ್ತು. 10 ಆಗಿದ್ದರೆ ರಾಗಿಯ ನೆರಳು ಬಿದ್ದ ಮೈದಾ ಬಿಸ್ಕತ್ತು. ಎರಡಕ್ಕೂ ಬೆಲೆ ಒಂದೇ ಇದ್ದೀತು. ಬಣ್ಣವೂ ಒಂದೇ ಇದ್ದೀತು. ಅಂಕಿಯೊಂದೇ ನಿಜ ಹೇಳುವುದು.

ಮೂರನೆಯ ಪಾಠ ನಿಘಂಟಿನದು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ವಿಷ್ಣುವಿಗೆ ಎಷ್ಟು ಹೆಸರುಗಳೆಂಬುದು ಗೊತ್ತು. ಪೊಟ್ಟಣಗಳ ಲೋಕದಲ್ಲಿ ಅಷ್ಟು ನಾಮಾವಳಿ ಪಡೆದಿರುವುದು ಸಕ್ಕರೆ. ಸುಕ್ರೋಸ್, ಗ್ಲೂಕೋಸ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ದ್ರವ ಗ್ಲೂಕೋಸ್, ಇನ್ವರ್ಟ್ ಸಿರಪ್, ಕಾರ್ನ್ ಸಿರಪ್, ಹಣ್ಣಿನ ಸಾಂದ್ರ ರಸ, ಬೆಲ್ಲ, ಜೇನು, ಇವೆಲ್ಲ ಒಂದೇ ಮನೆತನದವರು. ಮಾಲ್ಟೋಡೆಕ್ಸ್‌ಟ್ರಿನ್ ಎಂಬುದು ಸಿಹಿಯೇನೂ ಅಲ್ಲ. ಆದರೆ ಹೊಟ್ಟೆ ಸೇರಿದೊಡನೆ ಗ್ಲೂಕೋಸಾಗಿ ಒಡೆಯುವ ಹಿಟ್ಟಿನ ಸತ್ವವಾದುದರಿಂದ ಅದನ್ನೂ ಈ ಮನೆತನದ ದಾಯಾದಿಯೆಂದೇ ಎಣಿಸಬೇಕು. ಇಷ್ಟು ಪರ್ಯಾಯಪದಗಳಿಂದ ತಯಾರಕನಿಗೆ ಒಂದು ಅನುಕೂಲವಿದೆ. ಸಿಹಿಯನ್ನೆಲ್ಲ ಒಂದೇ ಹೆಸರಿನಲ್ಲಿ ಸೇರಿಸಿದರೆ ಅದು ಪಟ್ಟಿಯ ಮೊದಲಿಗೇ ಬಂದು ಎದ್ದು ಕಾಣುತ್ತದೆ. ಅದನ್ನು ಮೂರು ನಾಲ್ಕು ಬಗೆಯಾಗಿ ಒಡೆದರೆ ಒಂದೊಂದರ ತೂಕವೂ ಕಡಿಮೆಯಾಗಿ ಒಂದೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯನ್ನು ತೆರಿಗೆಯ ಭಯದಿಂದ ನಾಲ್ವರ ಹೆಸರಿಗೆ ಬರೆದಂತೆ! ಪಟ್ಟಿಯನ್ನು ಓದುವವರು ಈ ನಾಲ್ವರನ್ನೂ ಮತ್ತೆ ಒಂದೇ ಮನೆಗೆ ಸೇರಿಸಿ ಲೆಕ್ಕ ಹಾಕಬೇಕು.

ಪಟ್ಟಿಯ ಕೊನೆಗೆ ಬರುವ ಅಂಕಿಗಳನ್ನು ಕಂಡು ಅನೇಕರು ಬೆದರುತ್ತಾರೆ. ಐ.ಎನ್.ಎಸ್. ಎಂಬ ಮೂರಕ್ಷರದ ಮುಂದೆ ಒಂದು ಸಂಖ್ಯೆ ಇರುತ್ತದೆ. ಇವು ಆಹಾರಕ್ಕೆ ಸೇರಿಸಿದ ಪೂರಕವಸ್ತುಗಳ ಅಂತರರಾಷ್ಟ್ರೀಯ ಕ್ರಮಸಂಖ್ಯೆಗಳು. ಸ್ಥೂಲವಾಗಿ ಹೇಳುವುದಾದರೆ ನೂರರ ಸಾಲಿನವು ಬಣ್ಣಗಳು, ಇನ್ನೂರರವು ಕೆಡದಂತೆ ಕಾಪಾಡುವವು, ಮುನ್ನೂರರವು ಕಮಟು ಬಾರದಂತೆ ತಡೆಯುವವು ಮತ್ತು ಹುಳಿಗಳು, ನಾನೂರರವು ಗಟ್ಟಿತನ, ಹದ ಕೊಡುವವು, ಆರುನೂರರವು ರುಚಿಯನ್ನು ಎತ್ತಿ ಕೊಡುವವು. ಸಂಖ್ಯೆ ಇದೆಯೆಂದ ಮಾತ್ರಕ್ಕೆ ವಿಷವೆಂದು ತಿಳಿಯಬೇಕಾಗಿಲ್ಲ. 100 ಎಂಬುದು ಅರಿಸಿನದ ಬಣ್ಣ, 300 ಎಂಬುದು ನೆಲ್ಲಿಕಾಯಿಯಲ್ಲಿರುವ ಸಿ ಜೀವಸತ್ವ, 330 ನಿಂಬೆಹುಳಿ, 500 ನಮ್ಮ ಅಡುಗೆ ಸೋಡ. 102 ಎಂಬುದು ಟಾರ್ಟ್ರಜಿನ್ ಎಂಬ ಕೃತಕ ಹಳದಿ. 211 ಸೋಡಿಯಂ ಬೆಂಜೋಯೇಟ್. 621 ಮಾನೋಸೋಡಿಯಂ ಗ್ಲುಟಮೇಟ್. ಇವುಗಳಿಗೂ ಕಾನೂನಿನ ಒಪ್ಪಿಗೆ ಇದೆ, ಮಿತಿಯೂ ಇದೆ. ಆದರೆ ಒಂದು ತಿನಿಸನ್ನು ತಿನಿಸೆನ್ನಿಸುವುದಕ್ಕೆ ಹತ್ತು ಅಂಕಿಗಳ ನೆರವು ಬೇಕಾಗಿದ್ದರೆ, ಅದನ್ನು ದಿನಾಗಲೂ ಮಕ್ಕಳ ಕೈಗೆ ಕೊಡಬೇಕೇ ಎಂದು ಮನೆಯವರು ಯೋಚಿಸುವುದು ಒಳ್ಳೆಯದು.

ಇನ್ನು ಗಣಿತ. ಸಾಹಿತ್ಯದವರು ಗಣಿತವೆಂದರೆ ಮುಖ ತಿರುಗಿಸುವುದುಂಟು. ಆದರೆ ಇಲ್ಲಿ ಬೇಕಾದುದು ಮಗ್ಗಿಯಷ್ಟೇ. ಪೋಷಕಾಂಶಗಳ ಕೋಷ್ಟಕದಲ್ಲಿ ಸಾಮಾನ್ಯವಾಗಿ ನೂರು ಗ್ರಾಮಿನ ಲೆಕ್ಕ ಕೊಟ್ಟಿರುತ್ತಾರೆ. ಒಂದು ಬಾರಿ ಬಡಿಸುವ ಪ್ರಮಾಣವನ್ನೂ, ದಿನದ ಅಗತ್ಯದಲ್ಲಿ ಅದು ಶೇಕಡ ಎಷ್ಟೆಂಬುದನ್ನೂ ಹೇಳುತ್ತಾರೆ. ಈ ಶೇಕಡ ಲೆಕ್ಕಕ್ಕೆ ಆಧಾರ ಹೀಗಿದೆ: ದಿನಕ್ಕೆ ಶಕ್ತಿ 2000 ಕಿಲೊಕ್ಯಾಲರಿ, ಒಟ್ಟು ಕೊಬ್ಬು 67 ಗ್ರಾಂ, ಪರ್ಯಾಪ್ತ ಕೊಬ್ಬು 22 ಗ್ರಾಂ, ಟ್ರಾನ್ಸ್ ಕೊಬ್ಬು 2 ಗ್ರಾಂ, ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ. ಬಡಿಸುವ ಪ್ರಮಾಣ ಎಂಬ ಮಾತಿನಲ್ಲಿ ಒಂದು ಚಮತ್ಕಾರವಿದೆ. ಎರಡು ಬಿಸ್ಕತ್ತು ಒಂದು ಪ್ರಮಾಣವೆಂದು ಕೋಷ್ಟಕ ಹೇಳಬಹುದು. ಎರಡಕ್ಕೆ ನಿಲ್ಲಿಸುವ ಮಗುವನ್ನು ಕಂಡವರು ಯಾರು? ಆದುದರಿಂದ ಇಡೀ ಪೊಟ್ಟಣದ ಲೆಕ್ಕ ಹಾಕುವುದೇ ಕ್ಷೇಮ. ನೂರು ಗ್ರಾಮಿಗೆ ಸಕ್ಕರೆ 25 ಗ್ರಾಂ ಎಂದಿದೆ, ಪೊಟ್ಟಣ 80 ಗ್ರಾಮಿನದು ಎಂದಿಟ್ಟುಕೊಳ್ಳೋಣ. ಪೊಟ್ಟಣ ಖಾಲಿಯಾದರೆ ಹೊಟ್ಟೆ ಸೇರಿದ ಸಕ್ಕರೆ 20 ಗ್ರಾಂ. ಒಂದು ಟೀ ಚಮಚೆಗೆ ಸುಮಾರು 5 ಗ್ರಾಂ ಹಿಡಿಯುತ್ತದೆ. ಎಂದರೆ ನಾಲ್ಕು ಚಮಚೆ. ಕಾಫಿಗೆ ಅರ್ಧ ಚಮಚೆ ಸಕ್ಕರೆ ಸಾಕೆಂದು ಪಥ್ಯ ಮಾಡುವವರು, ಆ ಕಾಫಿಯಲ್ಲಿ ಅದ್ದುವ ಬಿಸ್ಕತ್ತಿನೊಡನೆ ಬಿಟ್ಟದ್ದನ್ನೆಲ್ಲ ಬಡ್ಡಿಸಮೇತ ತಿಂದಿರುತ್ತಾರೆ.

ಉಪ್ಪಿನ ವಿಷಯದಲ್ಲಿ ಭಾಷೆಯ ತೊಡಕೂ ಸೇರಿಕೊಂಡಿದೆ. ನಮ್ಮ ಅಡುಗೆಮನೆಗೆ ಗೊತ್ತಿರುವುದು ಉಪ್ಪು; ಪೊಟ್ಟಣ ಹೇಳುವುದು ಸೋಡಿಯಂ. ಸೋಡಿಯಂ ಲೆಕ್ಕವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ದೊರೆಯುತ್ತದೆ. ದಿನಕ್ಕೆ 5 ಗ್ರಾಂ ಉಪ್ಪನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಎರಡು ನಿಮಿಷದಲ್ಲಿ ಬೇಯುವ 70 ಗ್ರಾಮಿನ ಪೊಟ್ಟಣವೊಂದರ ಮೇಲೆ ನೂರು ಗ್ರಾಮಿಗೆ ಸೋಡಿಯಂ 1200 ಮಿಲಿಗ್ರಾಂ ಎಂದಿದ್ದರೆ, ಆ ಪೊಟ್ಟಣದಲ್ಲಿ 840 ಮಿಲಿಗ್ರಾಂ ಸೋಡಿಯಂ, ಎಂದರೆ 2.1 ಗ್ರಾಂ ಉಪ್ಪು ಇದ್ದಂತಾಯಿತು. ದಿನದ ಪಾಲಿನಲ್ಲಿ ಐದರಲ್ಲಿ ಎರಡು ಭಾಗ ಒಂದು ತಟ್ಟೆಯಲ್ಲೇ ಮುಗಿಯಿತು. ಉಪ್ಪಿನಕಾಯಿ, ಹಪ್ಪಳ, ನಿಪ್ಪಟ್ಟು, ಸಾರಿನ ಪುಡಿಗಳ ಪೊಟ್ಟಣಗಳನ್ನೂ ಇದೇ ಲೆಕ್ಕದಿಂದ ನೋಡಬೇಕು. ರಕ್ತದೊತ್ತಡದವರಿರುವ ಮನೆಯಲ್ಲಿ ಈ ಎರಡೂವರೆಯ ಮಗ್ಗಿ ಔಷಧಿಯ ಚೀಟಿಯಷ್ಟೇ ಮುಖ್ಯ.

ಮುಂಭಾಗದ ಬಿರುದುಗಳ ಮಾತಿಗೆ ಬರೋಣ. 'ಕೊಲೆಸ್ಟರಾಲ್ ಇಲ್ಲ' ಎಂದು ಕಡಲೆಕಾಯಿ ಎಣ್ಣೆಯ ಮೇಲೆ ಬರೆದರೆ, ಹಸುವಿಗೆ 'ಮಾಂಸ ತಿನ್ನುವುದಿಲ್ಲ' ಎಂಬ ಬಿರುದು ಕೊಟ್ಟಂತೆ. ಕೊಲೆಸ್ಟರಾಲು ಪ್ರಾಣಿಜನ್ಯ ಪದಾರ್ಥಗಳಲ್ಲಿ ಇರುವಂಥದು; ಗಿಡದಿಂದ ಬಂದ ಯಾವ ಎಣ್ಣೆಯಲ್ಲಿಯೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಇಂಥ ಹೇಳಿಕೆಗಳಿಗೆ 2018ರಲ್ಲಿ ಪ್ರತ್ಯೇಕ ನಿಯಮಗಳಾದವು. ಸಕ್ಕರೆರಹಿತವೆನ್ನಬೇಕಾದರೆ ನೂರು ಗ್ರಾಮಿನಲ್ಲಿ ಅರ್ಧ ಗ್ರಾಮಿಗಿಂತ ಹೆಚ್ಚು ಸಕ್ಕರೆ ಇರಬಾರದು. ನಾರಿನ ಆಕರವೆನ್ನಬೇಕಾದರೆ ಕನಿಷ್ಠ 3 ಗ್ರಾಂ ನಾರು ಇರಬೇಕು, ನಾರು ಹೇರಳವೆನ್ನಬೇಕಾದರೆ 6 ಗ್ರಾಂ. ಆದರೆ 'ಸಕ್ಕರೆ ಸೇರಿಸಿಲ್ಲ' ಎಂಬುದೂ 'ಸಕ್ಕರೆ ಇಲ್ಲ' ಎಂಬುದೂ ಒಂದೇ ಅಲ್ಲ. ಖರ್ಜೂರದ ಉಂಡೆಗೆ ಸಕ್ಕರೆ ಸೇರಿಸಬೇಕಾದ ಅಗತ್ಯವೇ ಇಲ್ಲ. ಖರ್ಜೂರದೊಳಗೆ ಅದು ತಾನಾಗಿಯೇ ತುಂಬಿದೆ. ಪದಗಳ ಇಂಥ ಸೂಕ್ಷ್ಮ ಭೇದವನ್ನು ಕಾವ್ಯದಲ್ಲಿ ಗುರುತಿಸುವ ಓದುಗರಿಗೆ ಅಂಗಡಿಯಲ್ಲಿ ಗುರುತಿಸುವುದು ಕಷ್ಟವಾಗಬಾರದು.

ಶ್ರೀನಿವಾಸಪುರದ ಮಾವನ್ನು ನೆನೆಯದೆ ಈ ಭಾಷಣವನ್ನು ಮುಂದುವರಿಸಲಾಗದು. ಆ ತಾಲ್ಲೂಕಿನ ತೋಪುಗಳು ನಾಡಿಗೆಲ್ಲ ಹೆಸರಾದವು. ಅಲ್ಲಿ ಬೆಳೆಯುವ ತೋತಾಪುರಿ ಹಣ್ಣಿನ ಬಹುಭಾಗ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗಿ, ಅಲ್ಲಿಂದ ಪಾನೀಯದ ಪೊಟ್ಟಣಗಳನ್ನು ಸೇರುತ್ತದೆ. ಪಾನೀಯದ ಪೊಟ್ಟಣದ ಮುಂಭಾಗದಲ್ಲಿ ರಸ ತೊಟ್ಟಿಕ್ಕುವ ಹಣ್ಣಿನ ಚಿತ್ರ. ಹಿಂಭಾಗದಲ್ಲಿ ನೀರು, ಸಕ್ಕರೆ, ಮಾವಿನ ತಿರುಳು ಎಂದು ಪಟ್ಟಿ. ಹಣ್ಣಿನ ಪಾನೀಯವೆಂದು ಕರೆಸಿಕೊಳ್ಳಲು ಕಾನೂನು ಕೇಳುವುದು ಕನಿಷ್ಠ ಶೇಕಡ 10ರಷ್ಟು ಹಣ್ಣಿನ ರಸವನ್ನು ಮಾತ್ರ. ನಿಂಬೆಯಾದರೆ ಶೇಕಡ 5. ಇನ್ನೂರು ಮಿಲಿಲೀಟರಿನ ಪೊಟ್ಟಣದಲ್ಲಿ 20 ಮಿಲಿಲೀಟರ್ ರಸವಿದ್ದರೆ ನಿಯಮ ಪಾಲಿಸಿದಂತಾಯಿತು. ಅದು ನಾಲ್ಕು ಟೀ ಚಮಚೆಯಷ್ಟಾಯಿತು. 'ರಸ' ಮತ್ತು 'ಪಾನೀಯ' ಎಂಬ ಎರಡು ಮಾತುಗಳ ನಡುವಣ ಅಂತರ ಇಷ್ಟು ದೊಡ್ಡದು. ಸಾಂದ್ರ ರಸಕ್ಕೆ ನೀರು ಬೆರೆಸಿ ಮಾಡಿದುದನ್ನು ಶೇಕಡ ನೂರು ಹಣ್ಣಿನ ರಸವೆಂದು ಹೇಳಿಕೊಳ್ಳಬಾರದೆಂದು ಪ್ರಾಧಿಕಾರ 2024ರ ಜೂನ್ ತಿಂಗಳಲ್ಲಿ ತಯಾರಕರಿಗೆ ಆದೇಶ ಕೊಡಬೇಕಾಯಿತು.

ಈ ಶೇಕಡ ಲೆಕ್ಕ ಕುಡಿಯುವವರ ಆರೋಗ್ಯಕ್ಕೆ ಮಾತ್ರ ಸಂಬಂಧಪಟ್ಟುದಲ್ಲ. 2025ರ ಜೂನ್ ತಿಂಗಳಲ್ಲಿ ತೋತಾಪುರಿಯ ಬೆಲೆ ನೆಲಕಚ್ಚಿತು. ನೆರೆಯ ಚಿತ್ತೂರು ಜಿಲ್ಲೆ ಕರ್ನಾಟಕದ ತೋತಾಪುರಿಗೆ ಬಾಗಿಲು ಮುಚ್ಚಿತು. ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ತೋಪಿನಲ್ಲಿ ಹಣ್ಣು ಕೊಳೆಯುವಾಗ ಪೇಟೆಯಲ್ಲಿ ಮಾವಿನ ಹೆಸರಿನಿಂದ ಸಕ್ಕರೆ ನೀರು ಮಾರಾಟವಾಗುತ್ತಿದ್ದರೆ, ಆ ಅಂಕಿ ಬೆಳೆಗಾರನ ಬದುಕಿನದೂ ಹೌದು. ಹತ್ತರ ಬದಲು ಇಪ್ಪತ್ತು ಇರುವ ಪೊಟ್ಟಣವನ್ನು ಹುಡುಕಿ ಕೊಳ್ಳುವವರು ಹೆಚ್ಚಿದರೆ, ಕಾರ್ಖಾನೆಗೆ ಬೇಕಾಗುವ ಹಣ್ಣೂ ಹೆಚ್ಚುತ್ತದೆ. ಅದಕ್ಕಿಂತ ಸುಲಭದ ದಾರಿ, ಹಣ್ಣನ್ನೇ ಕೊಂಡು ತಿನ್ನುವುದು.

ಹೆಸರಿನ ಭ್ರಾಂತಿ ಒಮ್ಮೊಮ್ಮೆ ಪ್ರಾಣಕ್ಕೂ ಬರಬಹುದು. ಭೇದಿಯಿಂದ ಬಳಲುವ ಮಗುವಿಗೆ ಓ.ಆರ್.ಎಸ್. ಎಂಬ ಜೀವಜಲ ಕೊಡಬೇಕೆಂಬುದು ಈಗ ಹಳ್ಳಿಯವರಿಗೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ. ಈ ಅಳತೆ ತಪ್ಪಿ ಸಕ್ಕರೆ ಬಹಳವಾದರೆ ಕರುಳು ಮೈಯೊಳಗಿನ ನೀರನ್ನೇ ಸೆಳೆದುಕೊಂಡು ಭೇದಿ ಇನ್ನೂ ಹೆಚ್ಚುತ್ತದೆ. ಹೀಗಿದ್ದೂ ಬರಿಯ ಸಿಹಿ ಪಾನೀಯಗಳು ತಮ್ಮ ಹೆಸರಿನೊಳಗೆ ಆ ಮೂರಕ್ಷರವನ್ನು ಸೇರಿಸಿಕೊಂಡು ಔಷಧಿ ಅಂಗಡಿಗಳಲ್ಲಿಯೇ ಮಾರಾಟವಾಗುತ್ತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಹಲವು ವರ್ಷ ಇದರ ವಿರುದ್ಧ ಹೋರಾಡಿದರು. ಕಡೆಗೆ 2025ರ ಅಕ್ಟೋಬರ್ ತಿಂಗಳಲ್ಲಿ, ಸೂತ್ರಕ್ಕೆ ಹೊಂದದ ಯಾವ ಪಾನೀಯವೂ ತನ್ನ ಹೆಸರಿನಲ್ಲಿ ಆ ಅಕ್ಷರಗಳನ್ನು ಬಳಸಕೂಡದೆಂದು ಪ್ರಾಧಿಕಾರ ಆಜ್ಞೆ ಮಾಡಿತು. ಮೂರು ಅಕ್ಷರಗಳಿಗಾಗಿ ಒಬ್ಬ ವೈದ್ಯೆ ವರ್ಷಗಟ್ಟಲೆ ದುಡಿಯಬೇಕಾಯಿತು. ಅಕ್ಷರಕ್ಕೆ ಬೆಲೆಯಿಲ್ಲವೆನ್ನುವವರು ಇದನ್ನು ನೆನೆಯಬೇಕು.

ದಿನಾಂಕದ ವಿಚಾರವಾಗಿಯೂ ಒಂದು ಮಾತು. ಪೊಟ್ಟಣದ ಮೇಲೆ ಬಳಕೆಯ ಕೊನೆಯ ದಿನವನ್ನು ಬರೆಯಲೇಬೇಕು. ಅದು ದಾಟಿದರೆ ಪದಾರ್ಥ ಮಾರಾಟಕ್ಕೂ ಊಟಕ್ಕೂ ಸಲ್ಲದು. 'ಇಂಥ ದಿನದೊಳಗೆ ಉತ್ತಮ' ಎಂಬ ಮಾತು ಬೇರೆ. ಅದು ರುಚಿ, ಗರಿಗರಿತನಗಳ ಭರವಸೆ. ಹಸುರು ಚೌಕದೊಳಗಿನ ಹಸುರು ಬೊಟ್ಟು ಸಸ್ಯಾಹಾರದ ಗುರುತು. ಮಾಂಸಾಹಾರಕ್ಕೆ ಹಿಂದೆ ಇದ್ದ ಕಂದು ಬೊಟ್ಟಿಗೆ ಬದಲಾಗಿ 2020ರ ನಿಯಮಾವಳಿ ಕಂದು ತ್ರಿಕೋನವನ್ನು ತಂದಿತು. ಮೊಟ್ಟೆ ಸೇರಿದ್ದರೂ ಕಂದು ಗುರುತೇ. ಹಸುರು ಬೊಟ್ಟು ಹೇಳುವುದು ಆಹಾರದ ಮೂಲವನ್ನಷ್ಟೇ; ಆರೋಗ್ಯದ ವಿಚಾರವಾಗಿ ಅದು ಏನನ್ನೂ ಹೇಳುವುದಿಲ್ಲವೆಂಬುದನ್ನು ಮರೆಯಬಾರದು. ಸಕ್ಕರೆ ನೀರಿಗೂ ಹಸುರು ಬೊಟ್ಟು ಇರುತ್ತದೆ.

ಹಣೆಪಟ್ಟಿಯೇ ಇಲ್ಲದ ಆಹಾರದ ಗತಿಯೇನು ಎಂದು ಕೇಳಬಹುದು. ಮುಳಬಾಗಿಲಿನ ದೋಸೆಗೆ ಪಟ್ಟಿ ಬೇಕಾಗಿಲ್ಲ. ಹಿಟ್ಟು, ಕಾವಲಿ, ಮಾಡುವವರ ಕೈ, ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ಕೋಲಾರದ ಮಾರುಕಟ್ಟೆಯ ಟೊಮೇಟೊ, ಅವರೆಕಾಯಿ, ಸೊಪ್ಪುಗಳಿಗೂ ಪಟ್ಟಿಯಿಲ್ಲ. ಒಂದೇ ವಸ್ತುವಿಂದಾದುದಕ್ಕೆ ಪಟ್ಟಿ ಯಾಕೆ? ಆದರೆ ಬೀದಿಯ ಬಂಡಿಯಲ್ಲಿ ಕೆಂಪಗೆ ಹೊಳೆಯುವ ತಿಂಡಿಯ ವಿಷಯ ಬೇರೆ. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣ ಬೊಂಬಾಯಿ ಮಿಠಾಯಿಯಲ್ಲಿ ಕಂಡುಬಂದುದರಿಂದ 2024ರ ಮಾರ್ಚ್ ತಿಂಗಳಲ್ಲಿ ರಾಜ್ಯ ಸರ್ಕಾರ ಆ ಮಿಠಾಯಿಯಲ್ಲಿಯೂ ಗೋಬಿ ಮಂಚೂರಿಯಲ್ಲಿಯೂ ಕೃತಕ ಬಣ್ಣವನ್ನು ನಿಷೇಧಿಸಿತು. ಆಹಾರದ ವಿಷಯವನ್ನು ಬರೆದಿಡುವುದು ನಮ್ಮ ಸಾಹಿತ್ಯಕ್ಕೂ ಹೊಸದಲ್ಲ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯ ತನ್ನ 'ಲೋಕೋಪಕಾರ'ದಲ್ಲಿ ಅಡುಗೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನೇ ರಚಿಸಿದ. ಏನನ್ನು ಯಾವುದರೊಡನೆ ಸೇರಿಸಿದೆವೆಂದು ಮುಚ್ಚುಮರೆಯಿಲ್ಲದೆ ಹೇಳುವುದು ಅವರಿಗೆ ವಿದ್ಯೆಯಾಗಿತ್ತು.

ಅವರು ಹೇಳಿದ್ದು ಕನ್ನಡದಲ್ಲಿ. ಇಂದಿನ ಪೊಟ್ಟಣ ಹೇಳುವುದು ಯಾವ ಭಾಷೆಯಲ್ಲಿ? ನಿಯಮದ ಪ್ರಕಾರ ವಿವರಗಳು ಇಂಗ್ಲಿಷಿನಲ್ಲಿಯೋ ದೇವನಾಗರಿಯ ಹಿಂದಿಯಲ್ಲಿಯೋ ಇದ್ದರೆ ಸಾಕು. ಬೇರೆ ಭಾಷೆಯನ್ನು ಜೊತೆಗೆ ಬಳಸುವುದಕ್ಕೆ ಅಡ್ಡಿಯಿಲ್ಲ, ಒತ್ತಾಯವೂ ಇಲ್ಲ. ಕೋಲಾರದ ಸೀಮೆ ಕನ್ನಡ, ತೆಲುಗು, ತಮಿಳು, ಉರ್ದುಗಳು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವ ಸೀಮೆ. ಡಿ.ವಿ.ಜಿ.ಯವರು ಹುಟ್ಟಿದ ಮುಳಬಾಗಿಲಿನಲ್ಲಿ, ಮಾಸ್ತಿಯವರ ಹೆಸರಿನೊಡನೆ ನಾಡಿಗೆಲ್ಲ ಪರಿಚಿತವಾದ ಮಾಲೂರು ತಾಲ್ಲೂಕಿನ ಮಾಸ್ತಿಯಲ್ಲಿ, ಕನ್ನಡವನ್ನು ಸರಾಗವಾಗಿ ಓದುವ ಸಕ್ಕರೆ ಕಾಯಿಲೆಯ ಹೆಂಗಸೊಬ್ಬರು ಬಿಸ್ಕತ್ತಿನ ಪೊಟ್ಟಣದ ಮುಂದೆ ನಿರಕ್ಷರಿಯಾಗುತ್ತಾರೆ. ಸಕ್ಕರೆ, ಉಪ್ಪು, ಕೊಬ್ಬು ಎಂಬ ಮೂರು ಮಾತುಗಳೂ ಅವುಗಳ ಮುಂದೆ ಮೂರು ಅಂಕಿಗಳೂ ಕನ್ನಡದಲ್ಲಿದ್ದರೆ ಸಾಕು, ಅವರ ಅರ್ಧ ಕಷ್ಟ ತೀರುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರದು. ಅದರ ಬಲದಿಂದ, ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರೂ ಬಳಕೆಯ ಸೂಚನೆಗಳೂ ಕನ್ನಡದಲ್ಲಿರಬೇಕೆಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶಿಸಿತು. ಹೆಸರಿನ ಜೊತೆಗೆ ಪೋಷಕಾಂಶದ ಕೋಷ್ಟಕವೂ ಕನ್ನಡಕ್ಕೆ ಬರಬೇಕೆಂದು ಕೇಳುವುದು ಭಾಷಾಭಿಮಾನದ ಮಾತೆಂದು ಕೆಲವರು ತಿಳಿದಾರು. ಅದು ಮೊದಲು ಆರೋಗ್ಯದ ಮಾತು. ದಕ್ಷಿಣ ಅಮೆರಿಕದ ಚಿಲಿ ದೇಶ 2016ರಲ್ಲಿ ಇನ್ನೂ ಮುಂದೆ ಹೋಗಿ, ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣದ ಮುಂಭಾಗದಲ್ಲಿಯೇ ಎಂಟು ಮೂಲೆಯ ಕಪ್ಪು ಮುದ್ರೆಯಿಂದ ಅದನ್ನು ಸಾರುವ ಏರ್ಪಾಡು ಮಾಡಿತು. ಮುಂಭಾಗದ ಎಚ್ಚರಿಕೆಯ ವಿಚಾರ ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿದೆ.

ಕಾನೂನು ತನ್ನ ಗತಿಯಲ್ಲಿ ನಡೆಯಲಿ. ಅದುವರೆಗೆ ನಾವು ಮಾಡಬಹುದಾದುದು ಕೆಲವುಂಟು. ಅಂಗಡಿಗೆ ಕನ್ನಡಕ ತೆಗೆದುಕೊಂಡು ಹೋಗುವುದು ಒಂದು. ಪೊಟ್ಟಣವನ್ನು ತಿರುಗಿಸಿ ಮೊದಲ ಮೂರು ಹೆಸರು, ಸಕ್ಕರೆ, ಸೋಡಿಯಂ, ಕೊನೆಯ ದಿನ ಇಷ್ಟನ್ನಾದರೂ ನೋಡುವುದು ಎರಡು. ಒಂದೇ ಬಗೆಯ ಎರಡು ಪೊಟ್ಟಣಗಳನ್ನು ನೂರು ಗ್ರಾಮಿನ ಲೆಕ್ಕದಲ್ಲಿ ಹೋಲಿಸುವುದು ಮೂರು. ದಿನ ಮೀರಿದ ಸರಕನ್ನು ಕಂಡರೆ ಅಂಗಡಿಯವರಿಗೆ ತಿಳಿಸುವುದು, ಅವರು ಕೇಳದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸುವುದು ನಾಲ್ಕು.

ಇನ್ನೂ ಒಂದು ಕೆಲಸ ಉಂಟು. ಹಿಂದೆ ಊರಿಗೆ ಅಂಚೆಯಣ್ಣ ಬಂದರೆ, ಓದು ಬಲ್ಲ ಹುಡುಗರು ನೆರೆಮನೆಯ ಮುದುಕರಿಗೆ ಕಾಗದ ಓದಿ ಹೇಳುತ್ತಿದ್ದರು. ಅದನ್ನು ಯಾರೂ ಉಪಕಾರವೆಂದು ಎಣಿಸುತ್ತಿರಲಿಲ್ಲ. ಅಕ್ಷರ ಕಲಿತವರು ಮಾಡಬೇಕಾದ ಕೆಲಸವಾಗಿತ್ತು. ಈಗ ಕಾಗದಗಳು ಬರುವುದು ಅಪರೂಪ. ಪೊಟ್ಟಣಗಳು ದಿನವೂ ಬರುತ್ತವೆ. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಕ್ಕಳು ಮನೆಮನೆಯಲ್ಲಿಯೂ ಇದ್ದಾರೆ. "ಅಜ್ಜೀ, ಇದರಲ್ಲಿ ಉಪ್ಪು ಜಾಸ್ತಿ ಇದೆ, ನಿಮಗೆ ಬೇಡ" ಎಂದು ಅವರು ಓದಿ ಹೇಳುವಂತಾದರೆ, ನಾವು ಅವರ ಶಾಲೆಗೆ ಕಟ್ಟಿದ ಶುಲ್ಕ ಸಾರ್ಥಕವಾದಂತೆ.

(ಬಾನುಲಿ ಭಾಷಣ)